ತೊಳೆಯದ ಲೋಟ

ಕಳೆದ ತಿಂಗಳು ಒಂದು ಮದುವೆಗೆಂದು ಪಿರಿಯಾಪಟ್ಟಣಕ್ಕೆ ಹೋಗುತ್ತಿದ್ದೆ. ಬಸ್ಸು ಹುಣಸೂರು ದಾಟಿ ಸ್ವಲ್ಪ ದೂರ ಹೋಗಿರಬೇಕು, ರಸ್ತೆ ಪಕ್ಕದಲ್ಲಿ ಯಾರೋ ಹೊಗೆಸೊಪ್ಪಿನ ಒಣಕಡ್ಡಿ ಉರಿಸುತ್ತಿದ್ದರು. ಆ ಘಾಟು ಬಸ್ಸಿನೊಳಕ್ಕೆ ನುಗ್ಗಿತು. ಮುಂದಿನ ಸೀಟಿನವರು ಕೆಮ್ಮುತ್ತಾ ಕಿಟಕಿ ಎಳೆದುಕೊಂಡರು. ನಾನು ನನ್ನ ಕಿಟಕಿಯನ್ನು ಪೂರ್ತಿ ತೆಗೆದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿದಳು. ನೋಡಲಿ. ಆ ಕಡ್ಡಿಯ ಉರಿಯಲ್ಲಿ ಕುದಿಸಿದ ನೀರನ್ನು ವರ್ಷಗಟ್ಟಲೆ ಕುಡಿದವಳು ನಾನು. ನೀರಿಗೂ ಹೊಗೆಯ ರುಚಿ ಇಳಿದಿರುತ್ತಿತ್ತು. ಆ ನೀರು ಕಾಯಿಸುತ್ತಿದ್ದ ಅಜ್ಜಿಯ ಮುಖ ಆ ಹೊಗೆಯೊಳಗಿಂದ ಎದ್ದು ಬಂತು...

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷ ಆಗಿದ್ದ ಕಾಲ ಅದು. ನಾನು ಕೆ.ಆರ್. ನಗರದ ಹುಡುಗಿ. ಪ್ರೈಮರಿ ಸ್ಕೂಲಿನಲ್ಲಿ ಕೆಲಸ ಸಿಕ್ಕಿ ಪಿರಿಯಾಪಟ್ಟಣಕ್ಕೆ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಈ ಅಜ್ಜಿಯ ಮನೆಯ ಮುಂದಿನ ಕೋಣೆ. ಮನೆಯಲ್ಲಿದ್ದವರು ಇಬ್ಬರೇ, ಅಜ್ಜಿ ಮತ್ತು ಸೊಸೆ. ಶುಂಠಿ ಲಾರಿಯಲ್ಲಿ ಕೇರಳಕ್ಕೆ ಹೋಗಿ ಬಂದು ಮಾಡುತ್ತಿದ್ದ ಮಗ ತೀರಿಕೊಂಡು ಬಹಳ ದಿನ ಆಗಿರಲಿಲ್ಲ. ಏನು ಕಾಯಿಲೆಯಿಂದ ಸತ್ತ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು, ಯಾರೂ ಹೆಸರು ಹಿಡಿದು ಹೇಳುತ್ತಿರಲಿಲ್ಲ. ಸೊಸೆಯ ರಕ್ತದಲ್ಲೂ ಅದೇ ಇತ್ತು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ.

ಬೀದಿಯವರ ಪಂಚಾಯ್ತಿ ಎಂದಿನಂತೆ ನಡೆದಿತ್ತು. ಸೊಸೆಯ ಕಾಲ್ಗುಣ, ಸೊಸೆಯ ನಡತೆ, ಎಲ್ಲವನ್ನೂ ಜರಡಿ ಹಿಡಿದಿದ್ದರು. ಒಂದು ದಿನ ನಲ್ಲಿ ಹತ್ತಿರ ಯಾರೋ ಅಜ್ಜಿಯ ಕಿವಿಗೇ ಬೀಳುವ ಹಾಗೆ ಅದನ್ನೇ ಅಂದರಂತೆ. ಅಜ್ಜಿ ಕೊಡ ಕೆಳಗಿಟ್ಟು, ಕಾಯಿಲೆ ತಂದವನು ನನ್ನ ಮಗ, ಇವಳಿಗೆ ಕೊಟ್ಟವನೂ ನನ್ನ ಮಗನೇ, ಇನ್ನು ಏನಾದರೂ ಕೇಳುವುದಿದ್ದರೆ ನನ್ನನ್ನು ಕೇಳಿ ಎಂದು ಹೇಳಿ ಬಂದಳಂತೆ. ಹೆತ್ತ ಮಗನ ಮೇಲೆ ಆ ಮಾತು ಹೇಳಲು ಎಂಥ ಎದೆ ಬೇಕು ಅನ್ನುವುದು ಆಗ ನನಗೆ ತಿಳಿಯಲಿಲ್ಲ. ಈಗ ನನಗೂ ಮಗನಿದ್ದಾನೆ, ತಿಳಿಯುತ್ತದೆ.

ಅಕ್ಕನನ್ನು ತಿನ್ನುತ್ತಿದ್ದುದು ಭೇದಿ. ಜ್ವರ ಬರುತ್ತಿತ್ತು, ಹೋಗುತ್ತಿತ್ತು. ಭೇದಿ ಮಾತ್ರ ಬಿಡುತ್ತಿರಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟರೆ ಸ್ವಲ್ಪ ದಿನ ನಿಲ್ಲುವುದು, ಇನ್ನೇನು ಎದ್ದು ಓಡಾಡುತ್ತಾಳೆ ಅನ್ನುವಷ್ಟರಲ್ಲಿ ಮತ್ತೆ ಶುರು. ಪಾಯಿಖಾನೆ ಹಿತ್ತಲಲ್ಲಿತ್ತು. ಹಿತ್ತಲ ಬಾಗಿಲ ಚಿಲಕದ ಸದ್ದು ನನ್ನ ಕೋಣೆಗೆ ಕೇಳುತ್ತಿತ್ತು. ಬೆಳಗ್ಗೆ ನಾನು ಸ್ಕೂಲಿಗೆ ಹೊರಡುವುದರೊಳಗೆ ಆ ಚಿಲಕ ಎಷ್ಟು ಸಲ ಸದ್ದು ಮಾಡಿತು ಅನ್ನುವುದರ ಮೇಲೆ ಆವತ್ತಿನ ಅಕ್ಕನ ಸ್ಥಿತಿ ಹೇಳಬಹುದಿತ್ತು. ಆಮೇಲಾಮೇಲೆ ಅವಳು ಗೋಡೆ ಹಿಡಿದು ನಡೆಯತೊಡಗಿದಳು. ಕೈಬಳೆ ಮೊಣಕೈವರೆಗೂ ಜಾರುತ್ತಿತ್ತು.

ಆ ಕಾಯಿಲೆಗೆ ಪುಕ್ಕಟೆ ಮಾತ್ರೆ ಕೊಡಲು ಆಗ ತಾನೇ ಶುರು ಮಾಡಿದ್ದರು. ಅಕ್ಕನಿಗೂ ಸಿಕ್ಕಿತು. ಡಾಕ್ಟರು ಅಜ್ಜಿಯನ್ನು ಕೂರಿಸಿಕೊಂಡು ಸಮಾಧಾನವಾಗಿ ಹೇಳಿದರು. ಈ ಮಾತ್ರೆ ಇವತ್ತು ನುಂಗಿದರೆ ನಾಳೆ ಶಕ್ತಿ ಬರುವುದಿಲ್ಲ, ತಿಂಗಳುಗಟ್ಟಲೆ ಬೇಕು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ನಮ್ಮ ನಿಮ್ಮಂಥ ಗಟ್ಟಿ ಮೈಯವರಿಗಾದರೆ ಒಂದೆರಡು ದಿನ ಹೊಟ್ಟೆ ಕೆಟ್ಟು ಸರಿಹೋಗುತ್ತದೆ. ಇವಳ ಮೈಗೆ ಅವನ್ನು ಹೊರಗೆ ಹಾಕುವ ತಾಕತ್ತು ಇಲ್ಲ, ಅವು ಕರುಳಲ್ಲೇ ಬೀಡು ಬಿಡುತ್ತವೆ. ಕೆಲವು ನಲ್ಲಿ ನೀರಿನ ಬ್ಲೀಚಿಂಗ್ ಪುಡಿಗೂ ಜಗ್ಗುವುದಿಲ್ಲ. ಚೆನ್ನಾಗಿ ಕುದಿಸಿದ ನೀರೇ ಕೊಡಬೇಕು. ಮಾತ್ರೆ ಕೆಲಸ ಶುರು ಮಾಡುವವರೆಗೆ ಇವಳನ್ನು ಉಳಿಸಿಕೊಳ್ಳುವುದು ನಿಮ್ಮ ಕೈಲಿದೆ ಅಂದರು.

ಅಜ್ಜಿಗೆ ಅಷ್ಟು ಹೇಳಿದ್ದೇ ಸಾಕಾಯಿತು. ಮಾರನೆಯ ದಿನದಿಂದ ಹಿತ್ತಲ ಒಲೆ ಆರಲಿಲ್ಲ. ಹೊಲದವರ ಹತ್ತಿರ ಹೊಗೆಸೊಪ್ಪಿನ ಕಡ್ಡಿ ಹೊರೆ ಹೊರೆ ಹಾಕಿಸಿಕೊಂಡಳು. ನೀರು ಕೊತಕೊತ ಕುದಿಯುವವರೆಗೆ ಒಲೆ ಮುಂದಿನಿಂದ ಏಳುತ್ತಿರಲಿಲ್ಲ. ನನಗೂ ಅದೇ ನೀರು. ನನಗೇನಾಗಿದೆ ಅಜ್ಜಿ ಅಂದರೆ, ಸುಮ್ಮನೆ ಕುಡಿ ಅನ್ನುತ್ತಿದ್ದಳು. ಹಸಿ ಸೌತೆಕಾಯಿ, ಕೋಸಂಬರಿ ಎಲ್ಲ ಬಂದ್ ಆಯಿತು.

ಆದರೂ ಭೇದಿ ನಿಲ್ಲಲಿಲ್ಲ. ಇಷ್ಟೆಲ್ಲ ಮಾಡಿದರೂ ಚಿಲಕದ ಸದ್ದು ಮತ್ತೆ ಮತ್ತೆ ಬರುತ್ತಿತ್ತು. ಅಜ್ಜಿ ಒಲೆ ಮುಂದೆ ಕೂತು ದೇವರನ್ನೂ ಡಾಕ್ಟರನ್ನೂ ಒಟ್ಟಿಗೇ ಬೈಯುತ್ತಿದ್ದಳು. ಮುಂದಿನ ಸಲ ಮೈಸೂರಿಗೆ ಹೋಗುವಾಗ ಅಕ್ಕನಿಗೆ ಬಸ್ಸಿನಲ್ಲಿ ಕೂರುವ ಶಕ್ತಿಯೂ ಇರಲಿಲ್ಲ. ನಾನೂ ರಜ ಹಾಕಿ ಜೊತೆಗೆ ಹೋದೆ.

ಆಸ್ಪತ್ರೆಯಲ್ಲಿ ಒಬ್ಬಳು ಕೌನ್ಸೆಲರ್ ಇದ್ದಳು, ನನ್ನ ವಯಸ್ಸಿನ ಹುಡುಗಿ. ಅವಳು ಅಜ್ಜಿಯನ್ನು ಏನೇನೋ ಕೇಳಿದಳು. ಅಜ್ಜಿ ಎಲ್ಲಕ್ಕೂ ರೇಗುತ್ತಲೇ ಉತ್ತರ ಕೊಟ್ಟಳು. ಕುದಿಸಿದ್ದೇ ಕೊಡೋದು, ಮುಚ್ಚಿಟ್ಟೇ ಕೊಡೋದು, ಕೈ ಸೋಪು ಹಾಕೇ ತೊಳೆಯೋದು. ಕೊನೆಗೆ ಆ ಹುಡುಗಿ, ನಾನು ನಿಮ್ಮ ಮನೆಗೆ ಬಂದಿದ್ದೀನಿ ಅಂದುಕೊಳ್ಳಿ ಅಜ್ಜಿ, ನನಗೊಂದು ಲೋಟ ನೀರು ಕೊಡಿ ಅಂದಳು.

ಅಜ್ಜಿ ಕುದಿಸಿ ಆರಿಸಿದ ನೀರನ್ನು ಬಾಟಲಿಯಲ್ಲಿ ತಂದಿದ್ದಳು. ಚೀಲದಿಂದ ಲೋಟ ತೆಗೆದಳು. ಅಜ್ಜಿಯ ಲೋಟದ ಬಗ್ಗೆ ಹೇಳಲೇಬೇಕು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ, ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಫಳಫಳ. ಅಜ್ಜಿಗೆ ಅದೇ ಹೆಮ್ಮೆ. ಅಷ್ಟಾದರೂ ಕೊಡುವ ಮುಂಚೆ ಇನ್ನೊಂದು ಸಲ ಗಲಬರಿಸದೆ ಯಾರಿಗೂ ನೀರು ಕೊಟ್ಟವಳಲ್ಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದು ಮರ್ಯಾದೆ. ಅಜ್ಜಿ ವರಾಂಡದ ನಲ್ಲಿಗೆ ಹೋಗಿ ಲೋಟಕ್ಕೆ ಒಂದಿಷ್ಟು ನೀರು ಹಿಡಿದು, ಬೆರಳಾಡಿಸಿ, ಚೆಲ್ಲಿ, ಒದರಿ, ಆಮೇಲೆ ಬಾಟಲಿಯ ನೀರು ಬಗ್ಗಿಸಿ ಎರಡೂ ಕೈಯಲ್ಲಿ ಕೊಟ್ಟಳು.

ಆ ಹುಡುಗಿ ಕುಡಿಯಲಿಲ್ಲ. ಲೋಟ ಹಿಡಿದುಕೊಂಡೇ ಕೂತಳು.

“ಅಜ್ಜಿ, ದಿನಾ ಹೀಗೇ ಕೊಡ್ತೀರಾ?”

“ಮತ್ತಿನ್ನೆಂಗವ್ವ ಕೊಡದು? ತೊಳೀದೆ ಇರೋ ಲೋಟ್ದಲ್ಲಿ ಯಾರಾದ್ರೂ ನೀರ್ ಕೊಡ್ತಾರಾ?”

ಹುಡುಗಿ ನಲ್ಲಿಯ ಕಡೆ ನೋಡಿದಳು, ಆಮೇಲೆ ಲೋಟದ ತಳದ ಕಡೆ. ಅಷ್ಟು ಹೊತ್ತಿಗೆ ಅಜ್ಜಿಗೂ ಗೊತ್ತಾಯಿತು. ಯಾರೂ ಹೇಳಬೇಕಾಗಲಿಲ್ಲ. ಹುಡುಗಿ ಮಾತ್ರ ಅಜ್ಜಿಯ ಕೈ ಹಿಡಿದು, ಇದು ತಪ್ಪಲ್ಲ ಅಜ್ಜಿ, ನಮ್ಮಮ್ಮನೂ ಹೀಗೇ ಕೊಡೋದು, ಆದರೆ ಲೋಟದಲ್ಲಿ ಉಳಿದ ಆ ನಾಲ್ಕು ಹನಿ ನಲ್ಲಿ ನೀರೂ ಅಕ್ಕನ ಹೊಟ್ಟೆ ಕೆಡಿಸಲು ಸಾಕು ಎಂದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಕ್ಕ ಅಜ್ಜಿಯ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ಬಿಳಿಕೆರೆ ಹೋಯಿತು, ಹುಣಸೂರು ಬಂತು. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅಜ್ಜಿ ನನ್ನ ಕಡೆ ತಿರುಗದೆ ಮೆಲ್ಲಗೆ ಅಂದಳು.

“ನನ್ ಕೈಯಾರೆ ಕೊಡ್ತಿದ್ನಲ್ಲ ಟೀಚರಮ್ಮ.”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬಸ್ಸು ಹೊರಟ ಮೇಲೆ, “ಆಯ್ತು ಬುಡು. ಇನ್ ಮ್ಯಾಲೆ ನೋಡನ,” ಅಂದಳು. ಅದನ್ನು ನನಗೆ ಹೇಳಿದ್ದೋ, ಅಕ್ಕನ ಕರುಳಿನೊಳಗೆ ಕೂತಿದ್ದ ಆ ಜೀವಿಗಳಿಗೆ ಹೇಳಿದ್ದೋ...

ಊರಿಗೆ ಬಂದವಳೇ ಅಡುಗೆಮನೆಯಲ್ಲಿದ್ದ ತಣ್ಣೀರಿನ ಕೊಡಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದಳು. ಕಾಯಿಸದ ನೀರು ಅಡುಗೆಮನೆ ಹೊಸಲು ದಾಟಕೂಡದು. ಪಾತ್ರೆ ತೊಳೆದ ಮೇಲೆ ಕುದಿಯುವ ನೀರು ಸುರಿದು, ಹಲಗೆಯ ಮೇಲೆ ಬೋರಲು ಹಾಕಿ ಬಿಸಿಲಿಗಿಡುವುದು. ಒಣಗಿದ ಲೋಟಕ್ಕೆ ನೇರ ನೀರು ಬಗ್ಗಿಸುವುದು. ಹೇಳಲು ಸುಲಭ. ಹುಟ್ಟಿದಾಗಿನಿಂದ ಮಾಡಿದ್ದನ್ನು ಕೈ ಮರೆಯಬೇಕಲ್ಲ. ಲೋಟ ಕೈಗೆ ಬಂದರೆ ಕಾಲು ತಾನಾಗಿ ಹಿತ್ತಲ ಕಡೆ ಎದ್ದು ಹೊರಡುತ್ತಿತ್ತು. ಅರ್ಧ ದಾರಿಯಲ್ಲಿ ನಿಂತು, ತನ್ನ ಕೈಗೆ ತಾನೇ ಫಟ್ ಅಂತ ಹೊಡೆದುಕೊಂಡು, ಕೇಳಲಾರದ ಬೈಗುಳ ಬೈದುಕೊಂಡು ವಾಪಸ್ಸು ಬರುತ್ತಿದ್ದಳು. ಮಲಗಿದ್ದಲ್ಲಿಂದಲೇ ಅಕ್ಕ ನಗುತ್ತಿದ್ದಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ ಮೊದಲು.

ಅಜ್ಜಿಯ ತಂಗಿ ಹೆಗ್ಗಡದೇವನಕೋಟೆ ಕಡೆಯ ಹಳ್ಳಿಯಿಂದ ನೋಡಲು ಬಂದಳು. ಕಾಯಿಲೆ ಮನೆ ಅಂತ ನೆಂಟರು ಯಾರೂ ಬರುತ್ತಿರಲಿಲ್ಲ, ಬಂದವಳು ಅವಳೊಬ್ಬಳೇ. ಅಜ್ಜಿ ಹಲಗೆ ಮೇಲಿನ ಲೋಟ ತೆಗೆದು ಗಲಬರಿಸದೆ ನೀರು ತಂದುಕೊಟ್ಟಳು. ತಂಗಿ ಲೋಟವನ್ನು ನೋಡಿದಳು, ಮಲಗಿದ್ದ ಸೊಸೆಯನ್ನು ನೋಡಿದಳು, ಯಾರ ಎಂಜಲೋ ಅಂದುಕೊಂಡಳೇನೋ, ಲೋಟ ಮುಟ್ಟದೆ ಎದ್ದಳು. ಒಂದು ಸಲ ತೊಳೆದು ಕೊಡುವ ಮರ್ಯಾದೆಯೂ ಹೋಯಿತಾ ನಿನಗೆ ಅಂದಳು. ಅಜ್ಜಿ ಏನೂ ವಿವರಿಸಲಿಲ್ಲ. ತಂಗಿ ಚಪ್ಪಲಿ ಮೆಟ್ಟಿ ಹೊರಟೇ ಹೋದಳು. ಹೋಗಿ ಕರೆಯಿರಿ ಅಜ್ಜಿ, ಪಾಪ ಅಷ್ಟು ದೂರದಿಂದ ಬಂದಿದ್ದರು ಅಂತ ನಾನು ಹೇಳಿದೆ.

“ನೀರ್ ಕುಡೀದೆ ಓಯ್ತಾಳೆ, ಓಗ್ಲಿ ಬುಡು,” ಅಂದಳು ಅಜ್ಜಿ. “ನನ್ ಸೊಸೆ ಓಗ್‌ಬಾರ್ದು ಕಣವ್ವ. ಅಷ್ಟೇಯ.”

ಆ ತಂಗಿ ಮತ್ತೆ ಬರಲಿಲ್ಲ. ಅಜ್ಜಿ ಅದನ್ನು ಮರೆತಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಹಬ್ಬ ಹರಿದಿನ ಬಂದರೆ ಬಾಗಿಲ ಕಡೆ ನೋಡುತ್ತಿದ್ದಳು. ಆದರೆ ಲೋಟ ಮಾತ್ರ ಗಲಬರಿಸಲಿಲ್ಲ.

ಒಂದು ಬೆಳಗ್ಗೆ ಸ್ಕೂಲಿಗೆಂದು ಸೀರೆ ಉಡುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಏನೋ ಕಮ್ಮಿಯಾಗಿದೆ ಅನ್ನಿಸಿತು. ಚಿಲಕದ ಸದ್ದು ಕೇಳಿಸಿರಲಿಲ್ಲ. ಹೊರಗೆ ಬಂದು ನೋಡಿದರೆ ಅಜ್ಜಿ ಒಲೆ ಮುಂದೆ ಸುಮ್ಮನೆ ಕೂತಿದ್ದಳು. ಅವಳೂ ಆ ಸದ್ದಿಗೇ ಕಿವಿ ಕೊಟ್ಟಿದ್ದಳು. ಮಾತಾಡಬೇಡ ಅಂತ ನನಗೆ ಕೈಸನ್ನೆ ಮಾಡಿದಳು. ಆಮೇಲೂ ಭೇದಿ ಒಂದೆರಡು ಸಲ ತಿರುಗಿ ಬಂದಿತ್ತು, ಇಲ್ಲ ಅಂತಲ್ಲ. ಆದರೆ ಪ್ರತಿ ಸಲವೂ ಬೇಗ ಹೋಯಿತು. ಮಾತ್ರೆಗಳು ಮೈಗೆ ಹತ್ತತೊಡಗಿದವು. ಮಳೆಗಾಲ ಕಳೆಯುವ ಹೊತ್ತಿಗೆ ಅಕ್ಕ ಗೋಡೆ ಬಿಟ್ಟು ನಡೆಯುತ್ತಿದ್ದಳು, ಮರುವರ್ಷ ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋದಳು. ಮೊದಲ ದಿನ ಅವಳ ಕೈಗೆ ನೀರಿನ ಬಾಟಲಿ ಕೊಟ್ಟು ಕಳಿಸಿ ಅಜ್ಜಿ ಬಾಗಿಲಲ್ಲಿ ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ.

ನನಗೆ ಮದುವೆಯಾಗಿ ಕೆ.ಆರ್. ನಗರಕ್ಕೇ ವರ್ಗವಾಯಿತು. ಕೆಲವು ವರ್ಷ ಕಳೆದ ಮೇಲೆ ಅಜ್ಜಿ ಹಾಸಿಗೆ ಹಿಡಿದಳು ಅಂತ ಅಕ್ಕ ಫೋನ್ ಮಾಡಿದಳು. ನಾನು ಹೋಗುವ ಹೊತ್ತಿಗೆ ಅಷ್ಟು ವರ್ಷ ಕಾಣದಿದ್ದ ನೆಂಟರೆಲ್ಲ ಸೇರಿದ್ದರು. ಕೊನೆಯ ನೀರು ಬಿಡಬೇಕು ಎಂದರು. ಮಗನಿಲ್ಲ, ಅದಕ್ಕೆ ಅಜ್ಜಿಯ ಮೈದುನನ ಮಗ ಮುಂದೆ ಬಂದ. ಅಕ್ಕ ಹತ್ತಿರ ಹೋದಾಗ ಯಾರೋ, ನೀನು ಬೇಡ ಕಣಮ್ಮ, ಆ ಕಡೆ ನಿಂತ್ಕೊ ಅಂದರು. ಮೈದುನನ ಮಗ ಚಮಚ ಬಾಯಿಗೆ ಹಿಡಿದ. ಅಜ್ಜಿ ಬಾಯಿ ತೆರೆಯಲಿಲ್ಲ. ತುಟಿಯ ಪಕ್ಕದಿಂದ ನೀರು ದಿಂಬಿಗೆ ಇಳಿಯಿತು. ಪ್ರಾಣ ಹೋಗೇಬಿಟ್ಟಿತೇನೋ ಅಂದುಕೊಂಡರು. ಹೋಗಿರಲಿಲ್ಲ. ಕಣ್ಣು ಅಕ್ಕನನ್ನೇ ಹುಡುಕುತ್ತಿತ್ತು. ಅಕ್ಕ ಯಾರನ್ನೂ ಕೇಳದೆ ಜನರನ್ನು ಸರಿಸಿಕೊಂಡು ಮುಂದೆ ಬಂದು ಚಮಚ ಇಸಿದುಕೊಂಡಳು. ಅಜ್ಜಿ ಮಗುವಿನ ಹಾಗೆ ಬಾಯಿ ತೆರೆದಳು.

ಕಳೆದ ತಿಂಗಳು ಆ ಮದುವೆ ಮುಗಿಸಿಕೊಂಡು ಅಜ್ಜಿಯ ಮನೆಗೆ ಹೋದೆ. ಅಕ್ಕ ಈಗಲೂ ಪ್ರತಿ ತಿಂಗಳು ಹೋಗಿ ಮಾತ್ರೆ ತರುತ್ತಾಳೆ, ಕೆಲಸಕ್ಕೆ ಹೋಗುತ್ತಾಳೆ, ಸೊಂಟ ನೋವು ಅಂತ ಎಲ್ಲರ ಹಾಗೆ ಗೊಣಗುತ್ತಾಳೆ. ಮುಂದಲೆ ಪೂರ್ತಿ ನರೆತಿದೆ. ಬಣ್ಣ ಹಚ್ಚಬಾರದಾ ಅಂತ ನಾನು ತಮಾಷೆ ಮಾಡಿದೆ. ಯಾಕ್ ಹಚ್ಚಲಿ, ಇದು ಅತ್ತೆ ಕೊಟ್ಟಿದ್ದು ಅಂದಳು. ಆ ಬಿಳಿ ಕೂದಲನ್ನು ಕಣ್ತುಂಬ ನೋಡಲು ಅಜ್ಜಿ ಒಬ್ಬಳು ಇರಬೇಕಿತ್ತು. ಇಲ್ಲ.