ಅಪ್ಪನ ಉಸಿರಿನ ಕೊಳವೆಗೆ ಎಣ್ಣೆಸ್ನಾನ

ಸ್ನೇಹಿತರೇ, ನೌಕಾಪಡೆಯಲ್ಲಿ ಮುಳುಗುತಜ್ಞರಾಗಿದ್ದ ನನ್ನ ದಿವಂಗತ ತಂದೆಯವರ ಸ್ಕೂಬಾ ಸಲಕರಣೆಯ ರಬ್ಬರ್ ಕೊಳವೆಯು ಇಂದು ನನ್ನ ಕೈಯಲ್ಲೇ ಎರಡು ತುಂಡಾಯಿತು.

ಹಳೆಯ ಸಲಕರಣೆಗಳನ್ನು ಸರಿಪಡಿಸುವ ಕೆಲಸ ನನಗೆ ಹೊಸದು. ಅಟ್ಟದಿಂದ ಎಲ್ಲವನ್ನೂ ಇಳಿಸಿ, ಹಿತ್ತಾಳೆಯ ಭಾಗಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ್ದೆ. ಅಪ್ಪ ಉಸಿರಾಡಿದ ಕೊಳವೆಯಲ್ಲಿ ಒಮ್ಮೆ ನಾನೂ ಉಸಿರಾಡಬೇಕೆಂಬುದಷ್ಟೇ ನನ್ನ ಆಸೆಯಾಗಿತ್ತು. ನಾನು ನಂಜನಗೂಡು ಪೇಟೆಗೆ ಹೋಗಿ ಬರುವಷ್ಟರಲ್ಲಿ, ಮೂಗೂರಿನಿಂದ ಬಂದಿದ್ದ ತಮ್ಮನ ಹೆಂಡತಿ ಅದನ್ನು ಬಚ್ಚಲಿಗೆ ಒಯ್ದಿದ್ದಳು.

“ಒಣಗೋಗಿತ್ತು ಕಣಕ್ಕ. ಅರಳೆಣ್ಣೆ ತಿಕ್ಕಿ, ಅಂಡೆ ನೀರು ಉಯ್ದೆ. ಬಾಣಂತಿಗೂ ಅಂಗೇ ಅಲ್ವಾ ಮಾಡದು?”

“ಇದು ಬಾಣಂತಿಯಲ್ಲ ತಾಯಿ! ಹಳೆಯ ರಬ್ಬರು ಕುದಿನೀರನ್ನು ತಾಳುವುದಿಲ್ಲ.”

“ಅದ್ಕ್ಯಾಕಕ್ಕ ಅಳ್ತೀರಿ? ಸೈಕಲ್ ಟ್ಯೂಬ್ ಆಕ್ಸಿ ಬುಡಿ. ನೀವೇನ್ ಒಳೆಗಿಳಿತೀರಾ?”

ನನಗೆ ಈಜು ಬಾರದು. ಕೈಯಲ್ಲಿದ್ದ ಒಂದು ತುಂಡನ್ನು ಬಾಯಿಗಿಟ್ಟು ಉಸಿರೆಳೆದೆ. ಹರಳೆಣ್ಣೆಯ ನಾತವಲ್ಲದೆ ಬೇರೇನೂ ಬರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ರಜೆಗೆ ಬಂದಾಗಲೆಲ್ಲ ನನ್ನ ಮೂಗು ಹಿಡಿದು ಕುಡಿಸುತ್ತಿದ್ದುದೂ ಹರಳೆಣ್ಣೆಯನ್ನೇ. ಆ ಲೆಕ್ಕದಲ್ಲಿ ಅವರು ಇಂದು ಬಂದು ಹೋದರೆಂದೇ ಹೇಳಬೇಕು.