ಕಪ್ಪು ಎರಡರಿಂದ ಇಳಿದದ್ದು

ಈ ಹಿರಿಯ ಗಾಯಕರ ಇತ್ತೀಚಿನ ಆಲ್ಬಮ್ಮಿನ ಬಗ್ಗೆ ಬರೆದವರೆಲ್ಲ ಒಬ್ಬರನ್ನು ನೋಡಿ ಒಬ್ಬರು ಎರಡು ತಪ್ಪುಗಳನ್ನು ನಕಲು ಮಾಡಿದ್ದಾರೆ. ತಗ್ಗಿದ ಶ್ರುತಿಯಲ್ಲಿ ಹಾಡಿದ್ದು ಅವರು ಬಹುಕಾಲ ಚಿಂತಿಸಿ ಕೈಗೊಂಡ ನಿರ್ಧಾರವಂತೆ. ಇಡೀ ಆಲ್ಬಮ್ಮನ್ನು ಅವರು ಒಬ್ಬರೇ ಮಾಡಿದರಂತೆ. ಆ ಮನೆಯ ಹಿಂದಿನ ಕೋಣೆಗೆ ಕಾಲಿಡದವರು ಬರೆಯಲು ಕುಳಿತರೆ ಹೀಗೇ ಆಗುತ್ತದೆ. ನಡೆದದ್ದನ್ನು ಹೇಳಬೇಕಾದರೆ ಅವರ ಹೆಂಡತಿಯಿಂದ ಆರಂಭಿಸಬೇಕು.

ಆಕೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿದು ನಿವೃತ್ತರಾದವರು. ನೂಲು ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಸಡಿಲವಾದರೆ ಹೊಲಿಗೆ ಬಾಯಿಬಿಡುತ್ತದೆ ಎಂಬುದನ್ನು ಅರಿತಿದ್ದ ಬೆರಳುಗಳು ಮದುವೆಯಾದ ವರ್ಷವೇ ಗಂಡನ ಗಿಟಾರಿನ ತಂತಿಗೂ ಹೋದವು. ಅವರು ವೇದಿಕೆಯ ಮೇಲೆ ಜನರನ್ನು ನಗಿಸುತ್ತಿರುವಷ್ಟರಲ್ಲಿ ಈಕೆ ಪರದೆಯ ಮರೆಯಲ್ಲಿ ಇನ್ನೊಂದು ಗಿಟಾರಿಗೆ ಶ್ರುತಿ ಕೂಡಿಸಿ ಸಿದ್ಧವಾಗಿಡುತ್ತಿದ್ದರು. ಡ್ರಮ್ ಬಾರಿಸುವವನು ಕೀಟಲೆಗೆಂದು ಕರೆದ ‘ಶ್ರುತಿಯಮ್ಮ’ ಎಂಬ ಹೆಸರು ನಿಂತೇಬಿಟ್ಟಿತು. ಗಂಡನ ಬೆರಳ ಗಂಟುಗಳು ಬಾತು, ತಂತಿ ಬಿಗಿಸುವ ಬಿರಡೆ ತಿರುಗಿಸುವುದು ಕಷ್ಟವಾದ ಮೇಲಂತೂ ಆ ಕೆಲಸ ಪೂರ್ತಿ ಆಕೆಯದೇ ಆಯಿತು.

ಗಾಯಕರ ಶ್ರುತಿ ಕಪ್ಪು ಎರಡು, ಅಂದರೆ ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಕೀಲಿಯ ಸ್ವರ. ಅದರಿಂದ ಕೆಳಗಿಳಿದ ದಿನ ಹಾಡುವುದನ್ನೇ ಬಿಡುತ್ತೇನೆಂದು ತುಂಬಿದ ಸಭೆಯಲ್ಲಿ ಘೋಷಿಸಿದ್ದವರು ಅವರು. ಆಡಿದ ಮಾತಿಗೆ ತಪ್ಪುವ ಜಾಯಮಾನ ಅವರದಲ್ಲ.

ಹೊಸ ಹಾಡುಗಳ ಅಭ್ಯಾಸ ಆರಂಭವಾದ ಚಳಿಗಾಲದಲ್ಲಿ, ಮೇಲಿನ ಸಾಲೊಂದರಲ್ಲಿ ಅವರ ದನಿ ಒಡೆಯಿತು. ಮತ್ತೆ ಎತ್ತಿದರು, ಮತ್ತೆ ಒಡೆಯಿತು. ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಚಿಲಕ ಹಾಕಿದರು. ಊಟಕ್ಕೆ ಕರೆದರೂ ಏಳಲಿಲ್ಲ. ಈ ಹಾಡುಗಳು ಹೊರಗೆ ಬಾರದೆ ಹೋದರೆ ಮನುಷ್ಯನೂ ಆ ಪೆಟ್ಟಿಗೆಯೊಳಗೇ ಮುಚ್ಚಿಹೋಗುವುದು ಖಂಡಿತವೆಂದು ಶ್ರುತಿಯಮ್ಮನಿಗೆ ತಿಳಿದಿತ್ತು.

ಮರುದಿನ ಅವರು ಸ್ನಾನಕ್ಕೆ ಹೋದಾಗ ಆಕೆ ಪೆಟ್ಟಿಗೆ ತೆರೆದು, ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ, ಕೆಳಗಿನ ಬಿಳಿ ಕೀಲಿಯಾದ ಬಿಳಿ ಎರಡಕ್ಕೆ ತಂದರು. ಒಂದೇ ಒಂದು ಸಲ ಹಾಡಿ ನೋಡಿ ಎಂದು ಗೋಗರೆದು ಕೂರಿಸಿದರು. ಮೇಲಿನ ಸಾಲು ಸಲೀಸಾಗಿ ಸಿಕ್ಕಿತು. ಗಂಟಲು ತೆರೆದುಕೊಂಡಿದೆ ಎಂದು ಹಿಗ್ಗಿದ ಅವರು ಅಂದು ಎರಡನೆಯ ಲೋಟ ಕಾಫಿ ಕೇಳಿದರು. ಅಲ್ಲಿಂದ ಪ್ರತಿದಿನವೂ ಅದೇ ಕಳ್ಳತನ. ಮನೆಯ ಹಾರ್ಮೋನಿಯಂ ಚಾಡಿ ಹೇಳೀತೆಂಬ ಭಯಕ್ಕೆ, ಅದರ ತಿದಿ ಹರಿದಿದೆ ಎಂದು ಸುಳ್ಳಾಡಿ ಅಟ್ಟಕ್ಕೆ ಸಾಗಿಸಿದರು.

ಧ್ವನಿಮುದ್ರಣಕ್ಕೆ ಬಂದವನು ಆಕೆಯ ಅಕ್ಕನ ಮಗ. ಮಾತೆತ್ತಿದರೆ ‘ಸ್ವಲ್ಪ ಮೆತ್ತಗೆ’ ಎನ್ನುವ ಈ ನಡುವಯಸ್ಸಿನವನಿಗೆ ಮನೆಯಲ್ಲಿ ‘ಮೆತ್ತಗೆ’ ಎಂದೇ ಹೆಸರು. ಅವನು ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ನಿಲ್ಲಿಸಿ, ಯಂತ್ರ ಹೂಡಿದ. ಶ್ರುತಿ ಇಳಿದಿರುವುದು ಯಂತ್ರದ ಪರದೆಯಲ್ಲೇ ಕಾಣಿಸಿತು. ಅವನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಕಣ್ಣಲ್ಲೇ ಗದರಿಸಿದರು.

ಕೊನೆಗೆ ಉಳಿದದ್ದು ಗಾಯಕರು ಯೌವನದಲ್ಲಿ ಕಟ್ಟಿದ ಒಂದು ಹಾಡು. ಪದ ಮರೆತಿದೆ, ಹಳೆಯ ಮುದ್ರಣವನ್ನು ಹಾಕು ಎಂದರು. ‘ಮೆತ್ತಗೆ’ ಚಿಕ್ಕಮ್ಮನ ಮುಖ ನೋಡಿದ.

“ಪದ ನಾನು ಹೇಳ್ತೀನಿ ಬಿಡಿ,” ಎಂದರು ಆಕೆ.

“ಹಾಕೋ ಅಂದೆ.”

ಹಾಡು ಹೊರಟಿತು. ಗಾಯಕರು ಅಭ್ಯಾಸಬಲದಿಂದ ಜೊತೆಗೆ ಗಿಟಾರ್ ಮೀಟಿದರು. ಕಪ್ಪು ಎರಡರಲ್ಲಿದ್ದ ಹಳೆಯ ದನಿ, ಕೈಯಲ್ಲಿದ್ದ ತಂತಿ ಒಂದಕ್ಕೊಂದು ಕಚ್ಚಾಡಿದವು. ಅವರು ಕೈ ನಿಲ್ಲಿಸಿದರು. ಹೆಬ್ಬೆರಳಿನಿಂದ ಒಂದೊಂದೇ ತಂತಿಯನ್ನು ಒತ್ತಿ ನೋಡಿದರು.

“ಯಾವಾಗಿಂದ?”

“ಚಳಿ ಶುರುವಾದಾಗಿಂದ.”

“ಹಾರ್ಮೋನಿಯಂ?”

“ಚೆನ್ನಾಗೇ ಇದೆ.”

‘ಮೆತ್ತಗೆ’ ಎದ್ದು ಜಾರಿಕೊಳ್ಳಲು ನೋಡಿದ. ಅವರು ಅವನನ್ನು ಕೂರಿಸಿ, ಗಿಟಾರನ್ನು ಹೆಂಡತಿಯ ಮುಂದೆ ಹಿಡಿದರು. “ಏರಿಸು.”

“ತಂತಿ ಹರಿಯುತ್ತೆ.”

“ಹರೀಲಿ.”

ಆಕೆ ಒಂದೊಂದೇ ಬಿರಡೆಯನ್ನು ತಿರುಗಿಸಿದರು. ಪ್ರತಿ ತಿರುವಿಗೂ ತಂತಿ ಕಿರುಗುಟ್ಟಿತು. ಹರಿಯಲಿಲ್ಲ. ಅವರು ಹಾಡಿದರು. ಮೇಲಿನ ಸಾಲಿನಲ್ಲಿ ದನಿ ಒಡೆಯಿತು. ಒಡೆದ ದನಿಯಲ್ಲೇ ಕೊನೆಯವರೆಗೂ ಹಾಡಿ ಮುಗಿಸಿದರು. ಶ್ರುತಿಯಮ್ಮ ನೋಡುತ್ತಿದ್ದದ್ದು ಮೂಲೆಯಲ್ಲಿ ಬಾಯಿತೆರೆದುಕೊಂಡಿದ್ದ ಪೆಟ್ಟಿಗೆಯನ್ನು.

ಗಾಯಕರ ಕೈ ಪೆಟ್ಟಿಗೆಯ ಕಡೆಗೆ ಹೋಗಲಿಲ್ಲ. ಬಾತ ಬೆರಳುಗಳಿಂದ ಅವರೇ ಬಿರಡೆ ತಿರುಗಿಸತೊಡಗಿದರು. ಏರಿಸಲು ಬೇಕಾದಷ್ಟು ಬಲ ಇಳಿಸಲು ಬೇಡ. ತಂತಿ ಬಿಳಿ ಎರಡಕ್ಕೆ ಬಂತು. ಅವರು ನಿಲ್ಲಿಸಲಿಲ್ಲ, ಇನ್ನೂ ಇಳಿಸಿದರು.

“ಮೋಸದಲ್ಲೂ ಜಿಪುಣತನ ಮಾಡಿದೀಯಲ್ಲೇ. ಬರೀ ಅರ್ಧ ಸ್ವರ ಯಾವ ಮೂಲೆಗೆ ಸಾಕು?”

“ಸಭೇಲಿ ಆಡಿದ ಮಾತು?”

“ಆ ಸಭೇಲಿ ಇದ್ದೋರಲ್ಲಿ ಈಗ ಎಷ್ಟು ಜನಕ್ಕೆ ಕಿವಿ ಕೇಳುತ್ತೆ?”

ಹೀಗೆಂದು ತಂತಿ ಮೀಟಿದರು. ಮೂರನೆಯದು ಅಪಶ್ರುತಿ.

“ಕೊಡಿ ಇಲ್ಲಿ,” ಎಂದರು ಆಕೆ, ಕಣ್ಣೊರೆಸಿಕೊಳ್ಳುತ್ತ. “ಇಳಿಸೋದಕ್ಕೂ ಬರಲ್ಲ ನಿಮಗೆ.”

ಅದುವರೆಗೆ ಮುದ್ರಿಸಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಹಾಡಿದರು. ಆಲ್ಬಮ್ ಇರುವುದು ಇಡೀ ಒಂದು ಸ್ವರ ಕೆಳಗೆ, ಕಪ್ಪು ಒಂದರಲ್ಲಿ. ಎಷ್ಟು ಇಳಿದಿದೆ ಎಂದು ವಿಮರ್ಶಕರು ಯಾರೂ ಪರಿಶೀಲಿಸಿದಂತಿಲ್ಲ. ಮೊದಲ ಹಾಡಿಗೆ ಮುನ್ನ ಬಿರಡೆಯೊಂದು ಕಿರುಗುಟ್ಟುತ್ತದೆ, ‘ಹ್ಞೂಂ, ಈಗ ಹಾಡಿ’ ಎಂಬ ಹೆಂಗಸಿನ ದನಿ ಕೇಳಿಸುತ್ತದೆ. ಅದನ್ನು ತೆಗೆಸಲೇಬೇಕೆಂದು ಶ್ರುತಿಯಮ್ಮ ಹಟ ಹಿಡಿದರು, ಗಂಡ ಬಿಡಲಿಲ್ಲ. ಒಬ್ಬರೇ ಮಾಡಿದ್ದೆಂದು ಬರೆದವರು ಅಲ್ಲಿಂದಲೇ ಕೇಳತಕ್ಕದ್ದು.