ವಂದನಾರ್ಪಣೆ

ದೇವೇಂದ್ರಪ್ಪ ಸರ್ ನನ್ನ ಪಕ್ಕದ ಟೇಬಲ್ಲಿನವರು. ಗದಗಿನ ನಮ್ಮ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತ, ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತಾರೆ. ಅವರ ಕೆಂಪು ಪೆನ್ನಿಗೆ ದಯೆದಾಕ್ಷಿಣ್ಯ ಎಂಬುದೇ ಇಲ್ಲ.

ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಹಿಂದಿನ ಸಂಶೋಧಕರು ಏನು ಹೇಳಿದರು, ಎಲ್ಲಿ ಎಡವಿದರು ಎಂದು ತೂಗಿ ನೋಡಬೇಕು. ನಮ್ಮ ಹುಡುಗರು ಅಲ್ಲಿ ಮಾಡುವ ತಪ್ಪು ಒಂದೇ. ಹಿರಿಯರಿಗೆ ಎದುರಾಡಬಾರದು ಎಂದು ಮನೆಯಲ್ಲಿ ಕಲಿತದ್ದನ್ನು ಪ್ರಬಂಧಕ್ಕೂ ತರುತ್ತಾರೆ. ಇವರು ಸಮರ್ಥವಾಗಿ ನಿರೂಪಿಸಿದ್ದಾರೆ, ಅವರು ಮನೋಜ್ಞವಾಗಿ ವಿವರಿಸಿದ್ದಾರೆ. ಎಲ್ಲರಿಗೂ ಒಂದೊಂದು ಹಾರ, ಒಂದೊಂದು ಶಾಲು. ಸರ್ ಅಂಚಿನಲ್ಲಿ 'ವಂದನಾರ್ಪಣೆ' ಎಂದು ಗೀಚಿ ಹಾಳೆ ಹಿಂದಕ್ಕೆ ತಳ್ಳುತ್ತಿದ್ದರು.

"ಇದೇನ್ ಸಮಾರಂಭ ಮುಗಸಾಕ ಹತ್ತೀಯೇನಲೇ? ಅವರು ಏನ್ ಬಿಟ್ಟಾರ ಅದನ್ನ ಹೇಳು. ಅವರು ಬಿಟ್ಟದ್ದ ನಿನ್ನ ಹೊಲ."

ಹಿರೇಹಂದಿಗೋಳದ ನೀಲಾ ಈ ಮಾತನ್ನು ನಂಬಿಬಿಟ್ಟಳು.

ಅವಳ ವಿಷಯ ರೈತ ಮನೆತನಗಳಲ್ಲಿ ಬಿತ್ತನೆ ಬೀಜ ಕಾಪಾಡುವ ಹೆಂಗಸರು. ಹರೆಯದಲ್ಲಿ ಸರ್ ಕೂಡ ಅದೇ ಹಳ್ಳಿಗಳನ್ನು ಸುತ್ತಿ ತಮ್ಮ ಪ್ರಬಂಧ ಬರೆದಿದ್ದರು. ಯಾವ ಬೀಜ ಇಡಬೇಕೆಂಬುದು ಗಂಡಸರದೇ ನಿರ್ಧಾರ ಎಂದು ಅದರಲ್ಲಿತ್ತು. ನೀಲಾ ಅದನ್ನು ಓದಿ ಒಂದು ಸಾಲು ಬರೆದಳು: 'ಈ ಅಧ್ಯಯನದಲ್ಲಿ ಹೆಣ್ಣುಮಕ್ಕಳ ಮಾತನ್ನು ಅವರ ಗಂಡಂದಿರ ಬಾಯಿಂದ ಕೇಳಲಾಗಿದೆ.'

ಸರ್ ಆ ಸಾಲು ಓದಿದಾಗ ನಾನು ಅಲ್ಲೇ ಇದ್ದೆ. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ಇಡು, ಆಮ್ಯಾಲ ನೋಡೂಣು" ಎಂದು ಚಹಾಕ್ಕೆ ಎದ್ದು ಹೋದರು. ಹುಡುಗಿಯ ಮುಖ ಬಾಡಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನನಗೆ ಸಿಟ್ಟೇ ಬಂತು.

ಮುಂದಿನ ತಿಂಗಳು ಪ್ರಗತಿ ಪರಿಶೀಲನಾ ಸಮಿತಿ ಕೂಡಿತು. ನೀಲಾಳಿಗೆ ಕೊಟ್ಟ ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿತ್ತು; ಸಮಿತಿ ಒಪ್ಪದಿದ್ದರೆ ನೋಂದಣಿ ರದ್ದು. ವಿಭಾಗದ ಪರವಾಗಿ ನಾನೂ ಕೂತಿದ್ದೆ. ಹೊರಗಿನಿಂದ ಬಂದಿದ್ದ ವಾಣಿಶ್ರೀ ಮೇಡಂ ಎರಡನೇ ಅಧ್ಯಾಯ ತೆರೆದು ಗಟ್ಟಿಯಾಗಿ ಓದಿದರು: 'ಬೀಜದ ಆಯ್ಕೆಯ ಕುರಿತು ಡಾ. ದೇವೇಂದ್ರಪ್ಪನವರು ಸಮಗ್ರವಾಗಿಯೂ ಸಮರ್ಥವಾಗಿಯೂ ನಿರೂಪಿಸಿದ್ದಾರೆ.'

ಸರ್ ಬೆಚ್ಚಿದರು. ಆ ಪುಟ ತೆರೆಯಲು ಮನಸ್ಸಾಗದೆ ಅವರು ಓದದೆಯೇ ಸಹಿ ಹಾಕಿದ್ದರು.

"ಎಲ್ಲಾ ನಿಮ್ಮ ಗೈಡ್ ಹೇಳಿ ಮುಗಿಸ್ಯಾರ," ಎಂದರು ಮೇಡಂ. "ಮತ್ತ ನೀ ಯಾಕ ಮಾಡಬೇಕವಾ ಈ ಸಂಶೋಧನಾ?"

ನೀಲಾ ನೆಲ ನೋಡಿದಳು. ಬಾಯಿ ಬಿಟ್ಟರೆ ಗುರುವಿನ ಮಾನ ಹೋಗುತ್ತದೆ, ಬಿಡದಿದ್ದರೆ ಇಷ್ಟು ವರ್ಷದ ದುಡಿಮೆ ಹೋಗುತ್ತದೆ. ಅವಳು ತನ್ನ ಹಾಳೆಗಳನ್ನು ಜೋಡಿಸಿಕೊಳ್ಳತೊಡಗಿದಳು.

ಸರ್ ಎದ್ದು ನಿಂತರು.

"ಮೇಡಂ, ಆ ಪ್ಯಾರಾ ವಂದನಾರ್ಪಣೆ ಐತ್ರಿ. ನನ್ನ ಮಾರಿ ನೋಡಿ ಬರದಾಳ. ಮೊದಲ ಬರದದ್ದ ಖರೆ. ನಾ ಕಟ್ಟಿ ಮ್ಯಾಲ ಕುಂತು ಬರೇ ಗಂಡಸರನ್ನ ಕೇಳಿದ್ದೆ. ನಮ್ಮವ್ವ ವರ್ಷಾ ವರ್ಷಾ ಬೂದಿ ಕಲಸಿ ಗಡಗ್ಯಾಗ ಜ್ವಾಳದ ಬೀಜ ಇಡತಿದ್ಲು. ಆಕೀನ್ನೂ ಕೇಳಲಿಲ್ಲ."

ಸಮಿತಿಯಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಮಾತ್ರ ನಗಲಿಲ್ಲ. ಅಧ್ಯಾಯ ತಿದ್ದಿ ತರಲು ಹೇಳಿ, ನೋಂದಣಿ ಮುಂದುವರಿಸಿದರು. ಗೆದ್ದೆವು ಅಂದುಕೊಂಡೆ ನಾನು. ಸರ್ ಮೇಲಿನ ಸಿಟ್ಟೂ ಇಳಿದಿತ್ತು.

ಹೊರಗೆ ಮೆಟ್ಟಿಲ ಬಳಿ ಸರ್ ಅವಳನ್ನು ನಿಲ್ಲಿಸಿದರು. "ಹಳೇ ಸಾಲನ್ನ ಮತ್ತ ಹಾಕವಾ. ಭಾಳ ಚಲೋ ಬರದಿದ್ದಿ."

ನೀಲಾ ತಲೆ ಎತ್ತಲಿಲ್ಲ.

"ಅವತ್ತ ಇಷ್ಟೇ ಅಂದಿದ್ರ ಸಾಕಾಗಿತ್ರಿ ಸರ್. ಬರದದ್ದ ತಪ್ಪಾತೇನೋ ಅಂತ ಅವತ್ತಿಂದ ಆ ಹೊಗಳಿಕಿ ಬಿಟ್ರ ಒಂದ ಸಾಲೂ ಬರಿಯಾಕ ಆಗಿಲ್ರಿ. ಈಗ ನೀವು ಚಲೋ ಐತಿ ಅಂದ್ರೂ, ನನಗ ಅದೂ ವಂದನಾರ್ಪಣೆನ ಅನಸ್ತೈತ್ರಿ."